ಎಲ್ಲಿಯವರೆಗೆ ಎಂದರೆ ಎಲ್ಲಿಯವರೆಗೆ?

ಕಲಬುರಗಿ ಕೋಟೆಯ ಕಂದಕದ ಬಳಿ ನಿಂತವರಿಗೆ ‘ಎಲ್ಲೆ’ ಎಂಬ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಂದಕದ ಈಚೆ ಊರು, ಆಚೆ ಕೋಟೆ. ಆದರೆ ಮಾತಿನಲ್ಲಿ ಎಲ್ಲೆ ಗುರುತಿಸುವಾಗ, ಅಂಚಿನ ಮೇಲೆಯೇ ಇರುವುದು ಒಳಗೋ ಹೊರಗೋ ಎಂಬ ಪ್ರಶ್ನೆ ಏಳುತ್ತದೆ.

ಗಡಿಯನ್ನು ಹೇಳುವ ಪದಗಳಿಗೆ ನಮ್ಮಲ್ಲಿ ಬರವಿಲ್ಲ. ‘ಎಲ್ಲೆ’ ಅಚ್ಚಗನ್ನಡ. ಸಂಸ್ಕೃತದಿಂದ ಬಂದ ‘ಸೀಮೆ’ ಗಡಿಯ ಜೊತೆಗೆ ಗಡಿಯೊಳಗಿನ ನಾಡಿಗೂ ಹೆಸರಾಯಿತು; ಪರನಾಡಿನ ಅರ್ಥವೂ ಸೇರಿ ಸೀಮೆಎಣ್ಣೆ, ಸೀಮೆಸುಣ್ಣಗಳು ಹುಟ್ಟಿದವು. 1347ರಲ್ಲಿ ಕಲಬುರಗಿ ಬಹಮನಿ ಅರಸರ ರಾಜಧಾನಿಯಾಯಿತು. ಪಾರಸಿ ಆಡಳಿತ ಭಾಷೆಯಾಗಿದ್ದ ಶತಮಾನಗಳು ನಮಗೆ ಬಿಟ್ಟುಹೋದ ಪದಗಳಲ್ಲಿ ‘ಸರಹದ್ದು’ ಒಂದು. ಅದರೊಳಗಿನ ‘ಹದ್ದು’ ಅರಬ್ಬಿ ಮೂಲದ್ದು, ಮಿತಿ ಎಂದರ್ಥ. ಜಮೀನಿನ ಗಡಿ ಅಳೆದು ಗುರುತಿಸಿಕೊಡುವ ಸರ್ಕಾರಿ ಕೆಲಸಕ್ಕೆ ಇಂದಿಗೂ ‘ಹದ್ದುಬಸ್ತು’ ಎಂದೇ ಹೆಸರು.

ತೊಡಕಿರುವುದು ಈ ದೊಡ್ಡ ಪದಗಳಲ್ಲಲ್ಲ. ‘ವರೆಗೆ’, ‘ಒಳಗೆ’ ಎಂಬ ಪುಟ್ಟ ಪದಗಳಲ್ಲಿ. ಇದೇ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ 9ನೇ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳುತ್ತದೆ. ಗೋದಾವರಿಯ ದಂಡೆ ಅದರಲ್ಲಿ ಸೇರಿತೇ? ಕಾವ್ಯದಲ್ಲಿ ಈ ಪ್ರಶ್ನೆಯಿಂದ ಯಾರಿಗೂ ನಷ್ಟವಿಲ್ಲ. ಆದರೆ ‘ಅರ್ಜಿ ಸಲ್ಲಿಸಲು 30ರವರೆಗೆ ಅವಕಾಶ’ ಎಂಬ ಪ್ರಕಟಣೆಯಲ್ಲಿ ನಷ್ಟವಿದೆ.

ಜಪಾನಿ ಭಾಷೆಯನ್ನು ನೋಡಿ. ಕನ್ನಡದಂತೆಯೇ ಅಲ್ಲಿಯೂ ಇಂಥ ಪದಗಳು ನಾಮಪದದ ಹಿಂದೆ ಬರುತ್ತವೆ: ‘ಕರ’ ಎಂದರೆ ಇಂದ, ‘ಮದೆ’ ಎಂದರೆ ವರೆಗೆ. ‘ಐದರವರೆಗೆ ಕಾಯಿರಿ’ ಎನ್ನಲು ‘ಮದೆ’. ‘ಐದರೊಳಗೆ ಬನ್ನಿ’ ಎನ್ನಲು ‘ಮದೆ ನಿ’. ಸಂಖ್ಯೆಯ ಮಿತಿಗೆ ಬಂದರೆ ಇನ್ನೂ ನಿಖರ. ‘18 ಇಕಾ’ ಎಂದರೆ ಹದಿನೆಂಟೂ ಸೇರಿ ಅದಕ್ಕಿಂತ ಕೆಳಗೆ. ‘18 ಮಿಮಾನ್’ ಎಂದರೆ ಹದಿನೆಂಟನ್ನು ಬಿಟ್ಟು ಕೆಳಗೆ. ನಮ್ಮ ‘18ರ ಒಳಗಿನವರು’ ಎಂಬ ಮಾತಿನಲ್ಲಿ ಈ ಭೇದ ಕಾಣುವುದಿಲ್ಲ.

ಸ್ವಾರಸ್ಯವೆಂದರೆ, ‘ಮಿಮಾನ್’ ಪದದ ಅಕ್ಷರಶಃ ಅರ್ಥ ‘ಇನ್ನೂ ತುಂಬದ’ ಎಂದು. ನಮ್ಮ ಹಿರಿಯರೂ ‘ಹುಡುಗನಿಗೆ ಹದಿನೆಂಟು ತುಂಬಿಲ್ಲ’ ಎಂದೇ ಹೇಳುತ್ತಾರಲ್ಲವೇ? ಬೇಕಾದ ಮಾತು ಮನೆಯಲ್ಲೇ ಇದೆ. ಹೊಲದ ಅಂಚಿಗೆ ಬಾಂದುಕಲ್ಲು ನೆಡುವಂತೆ, ಪ್ರಕಟಣೆ ಬರೆಯುವವರು ‘30ನೇ ತಾರೀಖೂ ಸೇರಿ’, ‘18 ತುಂಬದವರು’ ಎಂದು ಬರೆದರೆ ಸಾಕು. ಕೊನೆಯ ದಿನ ಬಂದ ಬಡವ ಕಚೇರಿಯ ಬಾಗಿಲಿನಿಂದ ಹಿಂತಿರುಗುವುದು ತಪ್ಪೀತು.