ಮಗನ ಊರಿನಲ್ಲಿ ಅಪ್ಪ–ಅಮ್ಮನಾಗುವುದು

ಕೊಲಂಬಿಯಾದಿಂದ ಹದಿಮೂರು–ಹದಿನಾಲ್ಕರ ಹುಡುಗನನ್ನು ದತ್ತು ಪಡೆಯಲು ಹೊರಟ ವಿದೇಶಿ ದಂಪತಿ ಅವನನ್ನು ಕಂಡ ಮರುದಿನವೇ ವಿಮಾನ ಹತ್ತಿಸಿಕೊಂಡು ಬರುವಂತಿಲ್ಲ. ಆ ದೇಶದಲ್ಲಿ ದತ್ತು ವ್ಯವಹಾರದ ಹೊಣೆ ಹೊತ್ತಿರುವುದು 1968ರಲ್ಲಿ ಹುಟ್ಟಿದ ಐಸಿಬಿಎಫ್ ಎಂಬ ಸರ್ಕಾರಿ ಕುಟುಂಬ ಕಲ್ಯಾಣ ಸಂಸ್ಥೆ. ಅದರ ಅಧಿಕಾರಿಗಳು, ಮನಶ್ಶಾಸ್ತ್ರಜ್ಞರ ಸಮ್ಮುಖದಲ್ಲಿ ಮೊದಲ ಭೇಟಿ ನಡೆಯುತ್ತದೆ. ಅಲ್ಲಿಂದ ಹುಡುಗ ಹೊಸ ಅಪ್ಪ ಅಮ್ಮನ ಜೊತೆ ಹೋಟೆಲಿಗೋ ಬಾಡಿಗೆ ಮನೆಗೋ ಹೋಗುತ್ತಾನೆ. ಕೆಲವು ದಿನ ಕಳೆದ ಮೇಲೆ ಸಂಸ್ಥೆಯವರು ಮತ್ತೆ ನೋಡುತ್ತಾರೆ: ಇವರು ಒಬ್ಬರಿಗೊಬ್ಬರು ಹೊಂದುತ್ತಿದ್ದಾರೆಯೇ? ಹೌದೆಂದು ಅವರು ಪತ್ರ ಕೊಡಬೇಕು. 2006ರ ಬಾಲ ಮತ್ತು ಹದಿಹರೆಯದವರ ಸಂಹಿತೆಯ ಪ್ರಕಾರ ಆ ಪತ್ರವನ್ನು ನ್ಯಾಯಾಲಯದ ಅರ್ಜಿಯ ಜೊತೆಗೆ ಇಡಲೇಬೇಕು. ಆಮೇಲೆ ತೀರ್ಪು, ಹೊಸ ಜನನ ದಾಖಲೆ, ಪಾಸ್‌ಪೋರ್ಟ್, ಕೊನೆಗೆ ರಾಜಧಾನಿ ಬೊಗೊಟಾದಲ್ಲಿ ವೀಸಾ. ಇಷ್ಟೆಲ್ಲ ಮುಗಿಯಲು ವಾರಗಳು ಬೇಕು.

ಬಹಳ ಮಂದಿ ಈ ವಾರಗಳನ್ನು ಕಾಗದಪತ್ರಕ್ಕಾಗಿ ಕಾಯುವ ಕಾಲವೆಂದೇ ಎಣಿಸುತ್ತಾರೆ. ರಜೆ ಖರ್ಚಾಗುತ್ತಿದೆ, ದುಡ್ಡು ಕರಗುತ್ತಿದೆ, ಮನೆಯಲ್ಲಿ ಹುಡುಗನಿಗೆಂದು ಸಿದ್ಧಮಾಡಿದ ಕೋಣೆ ಖಾಲಿ ಬಿದ್ದಿದೆ ಎಂಬ ಚಡಪಡಿಕೆ ಸಹಜವೇ. ಆದರೆ ದೊಡ್ಡ ಮಗುವಿನ ದತ್ತಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಕಾಲ ಮತ್ತೆ ಸಿಗುವುದಿಲ್ಲ. ಕಾರಣ ಸರಳ. ಒಮ್ಮೆ ವಿಮಾನ ಇಳಿದ ಮೇಲೆ ಭಾಷೆ, ರಸ್ತೆ, ಶಾಲೆ, ಊಟ ಎಲ್ಲದರಲ್ಲೂ ಆ ಹುಡುಗನೇ ಏನೂ ಅರಿಯದವನು. ತನ್ನ ದೇಶದಲ್ಲಿರುವಷ್ಟು ದಿನ ಮಾತ್ರ ಅವನೇ ಬಲ್ಲವನು. ಅಪ್ಪ ಅಮ್ಮನಿಗೆ ಬಸ್ಸು ಹತ್ತಲೂ ಅವನ ನೆರವು ಬೇಕು.

ಹಿಂದೆ ಹೀಗಿರಲಿಲ್ಲ. ‘ಲಯನ್’ ಚಿತ್ರ ನೋಡಿದವರಿಗೆ ಸರೂ ಬ್ರಿಯರ್ಲಿಯ ಕಥೆ ಗೊತ್ತು. ಮಧ್ಯಪ್ರದೇಶದ ಖಂಡ್ವಾದ ಹುಡುಗ ರೈಲಿನಲ್ಲಿ ಕಳೆದುಹೋಗಿ ಕೋಲ್ಕತ್ತ ಸೇರಿದ. ಅಲ್ಲಿನ ದತ್ತು ಸಂಸ್ಥೆಯೊಂದು ಅವನಿಗೆ ಆಸ್ಟ್ರೇಲಿಯಾದ ಹೊಸ ತಂದೆ ತಾಯಿಯ ಫೋಟೊಗಳನ್ನು ತೋರಿಸಿ 1987ರಲ್ಲಿ ವಿಮಾನ ಹತ್ತಿಸಿತು. ಆ ದಂಪತಿಯನ್ನು ಅವನು ಮೊದಲು ಕಂಡಿದ್ದೇ ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ. ಅಂದು ಅದು ವಾಡಿಕೆಯ ಪದ್ಧತಿ. ಮಕ್ಕಳ ಹಕ್ಕುಗಳ 1989ರ ಒಡಂಬಡಿಕೆ, 1993ರ ಹೇಗ್ ದತ್ತು ಒಪ್ಪಂದ ಬಂದ ಮೇಲೆ ಲೋಕದ ದೃಷ್ಟಿ ಬದಲಾಯಿತು. ವಯಸ್ಸಿಗೆ ತಕ್ಕಂತೆ ಮಗುವಿನ ಮಾತನ್ನೂ ಒಪ್ಪಿಗೆಯನ್ನೂ ಕೇಳಬೇಕು, ಅದು ಬೆಳೆದ ಭಾಷೆ, ಧರ್ಮ, ಸಂಸ್ಕೃತಿಯನ್ನು ಗಮನಿಸಬೇಕು ಎಂಬುದು ಕಟ್ಟುಪಾಡಾಯಿತು. ಕೊಲಂಬಿಯಾ 1998ರಲ್ಲಿ, ಭಾರತ 2003ರಲ್ಲಿ ಹೇಗ್ ಒಪ್ಪಂದಕ್ಕೆ ಸೇರಿದವು.

ಹದಿಹರೆಯದ ಹುಡುಗನ ಜೊತೆ ಬಾಂಧವ್ಯ ಬೆಸೆಯುವುದು ಕೂಸನ್ನು ಎತ್ತಿ ಆಡಿಸಿದಂತಲ್ಲ. ಮಿಕ್ಕ ಮಕ್ಕಳು ಅಪ್ಪ ಅಮ್ಮನಿಂದ ದೂರ ಸರಿಯುವ ವಯಸ್ಸು ಅದು. ಆ ವಯಸ್ಸಿನಲ್ಲಿ ಇವನಿಗೆ ಇಬ್ಬರು ಅಪರಿಚಿತರ ಹತ್ತಿರ ಬಾ ಎನ್ನುತ್ತಿದ್ದೇವೆ. ಅವನಿಗೆ ಹೆತ್ತ ತಾಯಿಯ ನೆನಪಿರಬಹುದು. ಬೇರೆ ಮನೆ ಸೇರಿದ ತಂಗಿ ಇರಬಹುದು. ನಂಬಿದ ದೊಡ್ಡವರು ಕೈಬಿಟ್ಟದ್ದಂತೂ ಖಂಡಿತ ನೆನಪಿದೆ. ಮೊದಲ ಕೆಲವು ದಿನ ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆ. ತಟ್ಟೆ ತೊಳೆದಿಡುತ್ತಾನೆ, ಸೌಮ್ಯವಾಗಿ ನಗುತ್ತಾನೆ. ಆಮೇಲೊಂದು ದಿನ ಸಣ್ಣ ವಿಷಯಕ್ಕೆ ಸಿಡಿಯುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ, ನಾನು ಬರುವುದಿಲ್ಲ ಎನ್ನುತ್ತಾನೆ. ಹೊಸ ಪೋಷಕರ ಎದೆ ಒಡೆಯುವುದು ಆಗಲೇ. ಅದು ಹೆಚ್ಚಿನ ಸಲ ತಿರಸ್ಕಾರವಲ್ಲ, ಪರೀಕ್ಷೆ. ನಾನು ಒಳ್ಳೆಯವನಾಗಿಲ್ಲದ ದಿನವೂ ಇವರು ಇಲ್ಲೇ ಇರುತ್ತಾರೆಯೇ ಎಂದು ಅವನಿಗೆ ತಿಳಿಯಬೇಕಾಗಿದೆ. ಈ ಪರೀಕ್ಷೆ ಅವನ ನೆಲದಲ್ಲೇ, ಅವನ ಭಾಷೆ ಬಲ್ಲ ಮನಶ್ಶಾಸ್ತ್ರಜ್ಞರು ಫೋನಿಗೆ ಸಿಗುವ ಕಡೆಯೇ ಶುರುವಾದರೆ ಒಳ್ಳೆಯದು.

ಇಂಥ ಮಕ್ಕಳ ನಡುವೆ ದೀರ್ಘಕಾಲ ದುಡಿದವರು ಅಮೆರಿಕದ ಟೆಕ್ಸಸ್‌ನ ಮನಶ್ಶಾಸ್ತ್ರಜ್ಞೆ ಕ್ಯಾರಿನ್ ಪರ್ವಿಸ್. 2016ರಲ್ಲಿ ತೀರಿಕೊಂಡ ಅವರು ಒತ್ತಿ ಹೇಳುತ್ತಿದ್ದ ಸಂಗತಿಗಳಲ್ಲಿ ಒಂದು, ಅಧಿಕಾರವನ್ನು ಮಗುವಿನ ಜೊತೆ ಹಂಚಿಕೊಳ್ಳಬೇಕು ಎಂಬುದು. ಬಾಳಿನ ಯಾವ ದೊಡ್ಡ ತಿರುವಿನಲ್ಲೂ ಈ ಮಕ್ಕಳನ್ನು ಕೇಳಿದವರಿಲ್ಲ. ಸಣ್ಣ ಆಯ್ಕೆಗಳಾದರೂ ಅವರ ಕೈಗೆ ಬರಲಿ, ‘ಆಗಲಿ’ ಎನ್ನಬಹುದಾದ ಕಡೆ ದೊಡ್ಡವರು ಧಾರಾಳವಾಗಿ ಆಗಲಿ ಎನ್ನಲಿ. ಇದನ್ನು ನಡೆಸಿ ನೋಡಲು ಬೊಗೊಟಾಕ್ಕಿಂತ ಒಳ್ಳೆಯ ಜಾಗ ಬೇಕೆ?

ಆ ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 2,600 ಮೀಟರ್ ಎತ್ತರದಲ್ಲಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಹೊರಗಿನಿಂದ ಬಂದವರಿಗೆ ಎರಡು ಮಹಡಿ ಹತ್ತುವಷ್ಟರಲ್ಲಿ ಉಸಿರು ಕಟ್ಟುತ್ತದೆ, ತಲೆ ನೋಯುತ್ತದೆ. ಅಲ್ಲೇ ಬೆಳೆದ ಹುಡುಗ ಸರಸರನೆ ಹತ್ತಿ ಮೇಲೆ ನಿಂತು ಇವರಿಗಾಗಿ ಕಾಯುತ್ತಾನೆ. ಟ್ರಾನ್ಸ್‌ಮಿಲೇನಿಯೊ ಬಸ್ಸಿನ ಕಾರ್ಡನ್ನು ಎಲ್ಲಿ ತಾಗಿಸಬೇಕು, ಕೋಳಿ, ಮೂರು ಬಗೆಯ ಆಲೂಗಡ್ಡೆ, ಗ್ವಾಸ್ಕಾಸ್ ಸೊಪ್ಪು ಹಾಕಿದ ಅಹಿಯಾಕೊ ಸಾರನ್ನು ಹೇಗೆ ಉಣ್ಣಬೇಕು, ಮೆಕ್ಕೆಜೋಳದ ಅರೇಪಾ ಯಾವ ಗಾಡಿಯಲ್ಲಿ ಚೆನ್ನ ಎಂದು ಅವನು ಹೇಳಿಕೊಡಬೇಕು. ಕಲಿಸುವ ಹುಡುಗನ ಮುಖ ಕಲಿಯುವ ಹುಡುಗನ ಮುಖದಂತಿರುವುದಿಲ್ಲ.

ಭಾನುವಾರದ ಸಿಕ್ಲೊವಿಯಾ ಇಂಥ ಕುಟುಂಬಗಳಿಗೆ ಹೇಳಿ ಮಾಡಿಸಿದಂತಿದೆ. 1970ರ ದಶಕದಿಂದ ನಡೆದು ಬಂದಿರುವ ಈ ಏರ್ಪಾಡಿನಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನಗರದ 120 ಕಿಲೋಮೀಟರಿಗೂ ಹೆಚ್ಚು ರಸ್ತೆಯಲ್ಲಿ ಕಾರುಗಳಿಗೆ ಪ್ರವೇಶವಿಲ್ಲ; ಸೈಕಲ್, ಸ್ಕೇಟು, ಕಾಲ್ನಡಿಗೆ ಮಾತ್ರ. ಎದುರುಬದುರು ಕೂತು ಮನಸ್ಸು ಬಿಚ್ಚು ಎಂದರೆ ಹದಿನಾಲ್ಕರ ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಪಕ್ಕಪಕ್ಕದಲ್ಲಿ ಸೈಕಲ್ ತುಳಿಯುವಾಗ ಕಣ್ಣಿಗೆ ಕಣ್ಣು ಕೊಡಬೇಕಾದ ಕಷ್ಟವಿಲ್ಲ, ಭಾಷೆಯ ಹಂಗೂ ಅಷ್ಟಿಲ್ಲ.

ಮಳೆ ಬಂದರೆ ಪಾರ್ಕೇಸ್ ಇದೆ. ಕೊಲಂಬಿಯಾದ ಮನೆಮನೆಯಲ್ಲೂ ಆಡುವ ಆಟವಿದು: ಎರಡು ದಾಳ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿಗಳೆಲ್ಲ ಮೊದಲು ಸೆರೆಮನೆಯಲ್ಲಿರುತ್ತವೆ, ಜೋಡಿ ಗರ ಬಿದ್ದರೆ ಹೊರಗೆ. ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮ ಪಗಡೆ, ಪಚ್ಚೀಸಿಯ ವಂಶದ್ದೇ, ಪಶ್ಚಿಮದ ದೇಶಗಳನ್ನು ಸುತ್ತಿ ಅಲ್ಲಿ ನೆಲೆಸಿದೆ. ಅಪ್ಪನ ಕಾಯಿಯನ್ನು ಹೊಡೆದು ಸೆರೆಗೆ ತಳ್ಳಿದಾಗ ಬರುವ ನಗೆಗೆ ಅನುವಾದಕ ಬೇಕಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನ್ ಹ್ಯೂಸ್ ದತ್ತು ಪೋಷಕರಿಗೆ ಹೇಳುವ ನಾಲ್ಕು ಗುಣಗಳಲ್ಲಿ ಮೊದಲನೆಯದು ಆಟವಾಡುವ ಮನಸ್ಸೇ. ಒಪ್ಪಿಕೊಳ್ಳುವುದು, ಕುತೂಹಲ, ಸಹಾನುಭೂತಿ ಆಮೇಲೆ ಬರುತ್ತವೆ.

ಇದೇ ವಾರಗಳಲ್ಲಿ ನಡೆಯಬೇಕಾದ ಇನ್ನೊಂದು ಕೆಲಸವಿದೆ, ಅದು ಕಠಿಣ: ಬೀಳ್ಕೊಡುಗೆ. ಕೊಲಂಬಿಯಾದಲ್ಲಿ ಅನೇಕ ಮಕ್ಕಳು ಸಾಕುತಾಯಂದಿರ ಮನೆಯಲ್ಲಿ ವರ್ಷಗಟ್ಟಲೆ ಬೆಳೆದಿರುತ್ತಾರೆ. ಆ ತಾಯಿಯ ಹೆಸರೆತ್ತಿದರೆ ಹುಡುಗ ತಮ್ಮಿಂದ ದೂರವಾದಾನೆಂದು ಹೊಸಬರು ಅಳುಕುವುದುಂಟು. ಆಗುವುದು ಅದರ ಉಲ್ಟಾ. ಸಂಸ್ಥೆಯ ಒಪ್ಪಿಗೆ ಇದ್ದರೆ ಅವಳ ಮನೆಗೆ ಹೋಗಿ ಊಟ ಮಾಡಬೇಕು, ಫೋಟೊ ತೆಗೆಯಬೇಕು, ಅವನಿಗೆ ಜ್ವರ ಬಂದಾಗ ಏನು ಕೊಡುತ್ತಿದ್ದಳು, ಯಾವುದಕ್ಕೆ ಹೆದರುತ್ತಾನೆ ಎಂದು ಕೇಳಿ ಬರೆದುಕೊಳ್ಳಬೇಕು. ‘ಹೋಗಿ ಬಾ’ ಎಂದು ಅವಳ ಬಾಯಿಂದಲೇ ಕೇಳಿದ ಹುಡುಗನ ಹೆಜ್ಜೆ ಹಗುರಾಗುತ್ತದೆ. ಮುಂದೆ ತನ್ನ ಮೂಲವನ್ನು ತಿಳಿಯುವ ಹಕ್ಕನ್ನು 2006ರ ಸಂಹಿತೆಯೇ ದತ್ತು ಮಕ್ಕಳಿಗೆ ಕೊಟ್ಟಿದೆ.

ಅವಸರಕ್ಕೆ ಕಾರಣಗಳೂ ಇವೆ. ಅಮೆರಿಕಕ್ಕೆ ಹೋಗುವ ಮಗುವಿನ ವಲಸೆ ಅರ್ಜಿಯನ್ನು ಸಾಮಾನ್ಯವಾಗಿ 16 ತುಂಬುವ ಮೊದಲೇ ಹಾಕಿರಬೇಕು, ಹೀಗಾಗಿ ಹದಿನೈದರ ಹುಡುಗನ ಕಡತ ಓಡಲೇಬೇಕಾಗುತ್ತದೆ. ಕಡತ ಓಡಲಿ, ಹುಡುಗನನ್ನು ಓಡಿಸಬಾರದು.

ಭಾರತದಿಂದಲೂ ದೊಡ್ಡ ಮಕ್ಕಳು ಹೊರದೇಶಗಳಿಗೆ ದತ್ತು ಹೋಗುತ್ತಾರೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ಸರೂನ ಕಾಲದಂತೆ ಮಗುವನ್ನು ಒಂಟಿಯಾಗಿ ಕಳಿಸುವಂತಿಲ್ಲ, ಪೋಷಕರೇ ಬಂದು ಕರೆದೊಯ್ಯಬೇಕು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಮಗುವಿನ ವರದಿ ಬರಬೇಕು. ಆದರೆ ಪಾಸ್‌ಪೋರ್ಟ್ ಕೈಗೆ ಬರುವ ಹೊತ್ತಿಗೆ ಬಂದು ನಾಲ್ಕೇ ದಿನದಲ್ಲಿ ಹೊರಟುಬಿಡಲು ಹವಣಿಸುವವರಿಗೆ ಇಲ್ಲಿನ ಸಂಸ್ಥೆಗಳು ಎರಡು ಮೂರು ವಾರ ಉಳಿಯಿರಿ ಎಂದು ಒತ್ತಾಯಿಸಬೇಕು. ಕನ್ನಡ ಬಿಟ್ಟು ಬೇರೆ ಬಾರದ ಹುಡುಗ ಇಟಲಿಗೋ ಸ್ಪೇನಿಗೋ ಹೊರಡುವ ಮುನ್ನ ಹೊಸ ಅಪ್ಪ ಅಮ್ಮನಿಗೆ ತನ್ನ ಶಾಲೆ ತೋರಿಸಲಿ, ಕ್ರಿಕೆಟ್ ಆಡುವ ಬಯಲಿಗೆ ಕರೆದೊಯ್ಯಲಿ, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ಕಲಿಸಲಿ. ತನ್ನನ್ನು ನೋಡಿಕೊಂಡ ಅಕ್ಕನವರ ಬಳಿ ಅವರನ್ನು ನಿಲ್ಲಿಸಿ ಪರಿಚಯ ಮಾಡಿಕೊಡಲಿ. ಆ ಅಕ್ಕನವರ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಕನ್ನಡ ಮಾತಾಡುವ ಏರ್ಪಾಡು, ಸಂಸ್ಥೆಯ ಒಪ್ಪಿಗೆಯೊಂದಿಗೆ, ಹೊರಡುವ ಮೊದಲೇ ಆಗಿರಲಿ.