ಬೇರಿನಲ್ಲಿ ಉಳಿದ ಚೂರು

ದಿಲ್‌ಸುಖ್‌ನಗರದ ಕನ್ನಡಿಗರ ಮನೆಗಳಲ್ಲಿಯೂ ‘ರೂಟ್ ಕೆನಾಲ್’ ಇಂದು ಪರಿಚಿತವಾದ ಮಾತು. ಹುಳುಕು ಹಲ್ಲಿನ ತಿರುಳನ್ನು ತೆಗೆದು, ಬೇರಿನ ನಾಳವನ್ನು ಶುದ್ಧಗೊಳಿಸಿ ತುಂಬುವುದೇ ಈ ಚಿಕಿತ್ಸೆ. ಇದಕ್ಕೆ ಬಳಸುವ ‘ಫೈಲ್’ ಎಂಬ ಸಣ್ಣ ಸೂಜಿಯ ತುದಿ 0.1 ಮಿಲಿಮೀಟರಿನಷ್ಟು ತೆಳುವಾಗಿರುವುದುಂಟು. ಡೊಂಕು ನಾಳದಲ್ಲಿ ತಿರುಗಿ ತಿರುಗಿ ಸವೆದ ಅದು, ನುರಿತ ಕೈಯಲ್ಲಿಯೂ ಒಮ್ಮೊಮ್ಮೆ ಮುರಿಯುತ್ತದೆ.

ಆಗ ಹಲ್ಲನ್ನೇ ಕೀಳಿಸುವ ಆತುರ ಬೇಡ. ಲೋಹದ ಚೂರು ವಿಷವಲ್ಲ. ಅದರಾಚೆ ಉಳಿದ ಸೋಂಕೇ ನಿಜವಾದ ಶತ್ರು. ಚೂರು ನಾಳದ ಬಾಯಿಯ ಸಮೀಪದಲ್ಲಿದ್ದರೆ, ಸೂಕ್ಷ್ಮದರ್ಶಕದ ನೆರವಿನಿಂದ ನೋಡುತ್ತ, ಶ್ರವಣಾತೀತ ಕಂಪನದಿಂದ ಸಡಿಲಿಸಿ ತೆಗೆಯಬಹುದು. ತಿರುವಿನಾಚೆ ಸಿಕ್ಕಿಕೊಂಡಿದ್ದರೆ, ತೆಗೆಯುವ ಹಟದಲ್ಲಿ ಬೇರೇ ತೂತಾದೀತು. ಆಗ ಪಕ್ಕದಿಂದ ದಾರಿ ಮಾಡಿಕೊಂಡೋ, ಚೂರನ್ನು ಅಲ್ಲಿಯೇ ಬಿಟ್ಟೋ ನಾಳವನ್ನು ತುಂಬುವುದು ಲೇಸು. 1970ರಲ್ಲಿ ಪ್ರಕಟವಾದ ಕ್ರಂಪ್ ಮತ್ತು ನ್ಯಾಟ್ಕಿನ್ ಅವರ ಅಧ್ಯಯನದಲ್ಲಿ, ಚೂರು ಉಳಿದ ಹಲ್ಲುಗಳೂ ಉಳಿಯದ ಹಲ್ಲುಗಳೂ ಬಹುಮಟ್ಟಿಗೆ ಸಮನಾಗಿಯೇ ಗುಣವಾದುವು.

ಆದರೆ ಸಂಗತಿಯನ್ನು ಮುಚ್ಚಿಡುವುದು ಸಲ್ಲದು. ವೈದ್ಯರು ಎಕ್ಸ್-ರೇ ತೋರಿಸಿ, ಬರೆದು ಕೊಡಬೇಕು. ರೋಗಿಯು ಊರಿಗೆ ಹೋದಾಗಲೂ ಅದನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬಾವು, ಕೀವು, ಕಚ್ಚಿದಾಗ ನೋವು ಕಂಡರೆ ತಡಮಾಡದೆ ತಜ್ಞರನ್ನು ಕಾಣಬೇಕು. ಅಫ್ಜಲ್‌ಗಂಜಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.

ಚೂರು ಎಲ್ಲಿದೆ? ಅದರಾಚೆ ಸೋಂಕಿದೆಯೆ? ಪರಭಾಷೆಯ ಊರಿನಲ್ಲಿಯೂ ಈ ಎರಡು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.