ಸಣ್ಣ ವರ್ತಕರೂ ಸೈಬರ್ ಸುರಕ್ಷತೆಯೂ

ವಕ್ಕಲೇರಿಯಂತಹ ಊರಿನ ಬೀಜ-ಗೊಬ್ಬರದ ವ್ಯಾಪಾರವು ಬೆಳೆ ಬಂದ ಮೇಲೆ ತೀರುವ ಉದ್ರಿಯನ್ನು ನಂಬಿದೆ. ಗಣಕಯಂತ್ರದಲ್ಲಿರುವ ಆ ಲೆಕ್ಕ ಅಳಿದರೆ ಬಂಡವಾಳವೇ ಅಳಿದಂತೆ.

ಸಣ್ಣ ಅಂಗಡಿಯ ಮೇಲೆ ಯಾರು ಕಣ್ಣಿಟ್ಟಾರು ಎಂಬ ಭಾವನೆ ಸಲ್ಲದು. 2017ರ ಮೇ ತಿಂಗಳಲ್ಲಿ ಸುಮಾರು 150 ದೇಶಗಳಿಗೆ ಹಬ್ಬಿದ ‘ವನ್ನಾಕ್ರೈ’ ಕುತಂತ್ರಾಂಶವು ದೊಡ್ಡವರು, ಸಣ್ಣವರು ಎಂದು ನೋಡದೆ ಕಡತಗಳನ್ನು ಬಂಧಿಸಿ ಒತ್ತೆಹಣ ಕೇಳಿತು. ಅದು ನುಸುಳಿದ ದೋಷಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಮಾರ್ಚ್ ತಿಂಗಳಲ್ಲಿಯೇ ಪರಿಹಾರ ನೀಡಿತ್ತು. ಅದನ್ನು ಅಳವಡಿಸದ ಯಂತ್ರಗಳೇ ಬಲಿಯಾದವು.

ಆದುದರಿಂದ ತಂತ್ರಾಂಶದ ನವೀಕರಣವೇ ಮೊದಲ ರಕ್ಷಣೆ. ಲೆಕ್ಕಪತ್ರವನ್ನು ಪ್ರತಿದಿನ ಬೇರೊಂದು ಡಿಸ್ಕಿಗೆ ನಕಲು ಮಾಡಿ, ಅದನ್ನು ಯಂತ್ರದಿಂದ ಕಳಚಿಡುವುದು ಎರಡನೆಯದು. ಜೋಡಿಸಿಯೇ ಬಿಟ್ಟರೆ ನಕಲೂ ಬಂಧಿಯಾಗಬಹುದು. ಸರಬರಾಜುದಾರರ ಬ್ಯಾಂಕ್ ಖಾತೆ ಬದಲಾಗಿದೆಯೆಂಬ ಇ-ಮೇಲ್ ಬಂದಲ್ಲಿ, ಅದರಲ್ಲಿರುವ ಸಂಖ್ಯೆಗಲ್ಲದೆ ಮೊದಲಿನಿಂದ ತಿಳಿದಿರುವ ಸಂಖ್ಯೆಗೆ ಕರೆಮಾಡಿ ಖಚಿತಪಡಿಸಿಕೊಂಡ ನಂತರವೇ ಹಣ ಪಾವತಿಸತಕ್ಕದ್ದು. ಯುಪಿಐ ಮೂಲಕ ಹಣ ಪಡೆಯಲು ಪಿನ್ ಬೇಕಿಲ್ಲವೆಂಬುದನ್ನು ಗಲ್ಲಾದಲ್ಲಿ ಕೂರುವ ಪ್ರತಿಯೊಬ್ಬರಿಗೂ ತಿಳಿಸಬೇಕು.

ಇಷ್ಟಾಗಿಯೂ ವಂಚನೆ ನಡೆದಲ್ಲಿ ಸಂಕೋಚಪಡದೆ ಕೂಡಲೇ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ದೂರು ನೀಡಬೇಕು. ಹಣವು ಖಾತೆಯಿಂದ ಖಾತೆಗೆ ದಾಟಿ ಕೈಮೀರುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯಲು ಅವಕಾಶವುಂಟು. ತಡಮಾಡಿದಷ್ಟೂ ಆ ಅವಕಾಶ ಕ್ಷೀಣಿಸುತ್ತದೆ.